ಗೋಡೆಗೆ ಬೇಕಾದ ಬಾಟಲಿ

ಶಾಲೆಯ ಮಕ್ಕಳೆಲ್ಲ ಖಾಲಿ ಕೋಲಾ ಬಾಟಲಿಯೊಳಗೆ ಚಿಪ್ಸ್ ಕವರುಗಳನ್ನು ಕಡ್ಡಿಯಿಂದ ಗಿಡಿಯುತ್ತಿದ್ದುದನ್ನು ಮೊದಲ ಸಲ ಕಂಡಾಗ, ಇದು ನಮ್ಮ ಕಂಪನಿಯ ಹೊಸ ಬಹುಮಾನದ ಸ್ಕೀಮು ಅಂದುಕೊಂಡೆ. ಅತಿತ್ಲಾನ್ ಸರೋವರದ ಮೇಲಿನ ಹಳ್ಳಿಗಳಿಗೆ ಕೋಲಾ, ಚಿಪ್ಸ್ ಹಾಕುವ ವ್ಯಾನಿನ ಡ್ರೈವರು ನಾನು. ನನಗೇ ಹೇಳದೆ ಸ್ಕೀಮು ಬಿಟ್ಟಿದ್ದಾರಲ್ಲ ಎಂದು ಉರಿದು, ತುಂಬಿದ ಬಾಟಲಿಯೊಂದನ್ನು ಎತ್ತಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟು ನನ್ನ ಪಾಲು ಕೇಳಿದೆ. ಅಂದಿನಿಂದ ಡಿಪೋದಲ್ಲಿ ನನ್ನ ಹೆಸರೇ ‘ಬಹುಮಾನ’.

ಮರುವಾರ ಸೆನ್ಯೊ ಎರ್ಲಿಂಡಾ ವ್ಯಾನಿಗೆ ಅಡ್ಡ ನಿಂತರು. ಟೀಚರನ್ನು ಇಲ್ಲಿ ಸೆನ್ಯೊ ಎಂದೇ ಕರೆಯುವುದು.

“ಅದು ಬಾಟಲಿ ಅಲ್ಲ ಕಣೋ ಎಲ್ಮರ್, ಇಟ್ಟಿಗೆ. ನೀನು ಹೊತ್ಕೊಂಡು ಹೋಗಿದ್ದು ನಮ್ಮ ಶಾಲೆ ಗೋಡೆ.”

ಮೇಲೆ ಹತ್ತಿ ನಿಂತರೂ ಅಪ್ಪಚ್ಚಿಯಾಗದಂತೆ ಕಸ ತುಂಬಿದ ಬಾಟಲಿಗಳನ್ನು ತಂತಿಬಲೆಯ ನಡುವೆ ಜೋಡಿಸಿ ಸಿಮೆಂಟು ಬಳಿಯುತ್ತಾರೆ. ಒಂದನೇ ಕ್ಲಾಸಿಗೆ ಕೋಣೆ ಇರಲಿಲ್ಲ. ಸೆನ್ಯೊ ಚಿಕ್ಕವರಿದ್ದಾಗ ತಮಾಲೆ ಕಡುಬು ತಿಂದು, ಅದನ್ನು ಸುತ್ತಿದ್ದ ಜೋಳದ ಗರಿಯನ್ನು ಕೊರಕಲಿಗೆ ಎಸೆದರೆ ಮಣ್ಣಾಗುತ್ತಿತ್ತಂತೆ. ಗರಿ ಹೋಗಿ ಕವರು ಬಂದರೂ ಎಸೆಯುವ ಕೈ ಹಾಗೇ ಉಳಿಯಿತು. ಆ ಕೈಯನ್ನು ತಿದ್ದಲೆಂದೇ ಅವರು ಗೋಡೆಯ ಪಾಠ ಹಿಡಿದದ್ದು.

ಪಾಠ ಚೆನ್ನಾಗಿಯೇ ಹತ್ತಿತು. ಕ್ಲಾಸು ಕ್ಲಾಸುಗಳ ನಡುವೆ ಪೈಪೋಟಿ ಎದ್ದು, ಕೊರಕಲು ಗುಡಿಸಿದಂತಾಯಿತು. ಗೋಡೆ ಮಾತ್ರ ಇನ್ನೂ ಮಂಡಿಯೆತ್ತರ. ಆಯಲು ಕಸವೇ ಇಲ್ಲ. ಆಗ ಮಕ್ಕಳು ಅಂಗಡಿಯ ಕಡೆ ತಿರುಗಿದರು. ಚಿಪ್ಸ್ ಯಾಕೆ ಎಂದು ಅಮ್ಮಂದಿರು ಗದರಿದರೆ, ಸ್ಕೂಲಿಗೆ ಎನ್ನುವ ಉತ್ತರ ಸಿದ್ಧವಿತ್ತು. ವ್ಯಾನು ಖಾಲಿಯಾಗಿ ಇಳಿಯತೊಡಗಿತು. ನಾನು ಹೊಸ ಬೂಟು ಕೊಂಡು, ಪರಿಸರ ಶಿಕ್ಷಣ ಬಲು ಒಳ್ಳೆಯದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಸೆನ್ಯೊಗೆ ಇದು ಕಾಣದೆ ಇರಲಿಲ್ಲ. ಗೋಡೆ ಕಿಟಕಿಯ ಮಟ್ಟ ಮುಟ್ಟಲಿ, ಆಮೇಲೆ ಹೇಳೋಣ ಅಂದುಕೊಂಡರು.

ಅವರ ಮನೆಯಲ್ಲಿದ್ದುದು ಅಕ್ಕ ತೋಮಾಸಾ ಒಬ್ಬರೇ. ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ನೇಯ್ದು ನೇಯ್ದು ತಂಗಿಯನ್ನು ಟೀಚರು ಮಾಡಿದ ಜೀವ ಅದು. ಸಕ್ಕರೆ ಕಾಯಿಲೆ ಇತ್ತು, ಕೋಲಾದ ಚಪಲವೂ ಇತ್ತು. ತಂಗಿಯ ಗದರಿಕೆಗೆ ಹೆದರಿ ಎಷ್ಟೋ ಕಾಲದಿಂದ ಬಿಟ್ಟಿದ್ದರು. ಗೋಡೆ ಏಳತೊಡಗಿದ ಮೇಲೆ ವಾರವಾರವೂ ಬಾಟಲಿ ತಂದುಕೊಟ್ಟರು. ಪಕ್ಕದ ಮನೆಯವರದು ಎನ್ನುತ್ತಿದ್ದರಂತೆ. ತಂಗಿ ನಂಬಿದರು.

ಕಾಲು ಕಪ್ಪಾಗಿ, ಆಸ್ಪತ್ರೆಗೆ ಹೊರಡಲು ನಮ್ಮ ವ್ಯಾನಿಗೇ ಹತ್ತಿಸಿದಾಗ ನಿಜ ಹೊರಬಂತು. ಹಿಂದಿದ್ದ ಕ್ರೇಟುಗಳನ್ನು ನೋಡಿ ತೋಮಾಸಾ ನಕ್ಕರು.

“ಬೈಬೇಡ ಕಣೇ ಎರ್ಲಿಂಡಾ. ನಾಲಿಗೆಗೆ ಅಂತ ಕುಡೀಲಿಲ್ಲ, ನಿನ್ನ ಗೋಡೆಗೆ ಕುಡ್ದೆ.”

ಸೆನ್ಯೊ ದಾರಿಯುದ್ದಕ್ಕೂ ಅಕ್ಕನ ಪಾದವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ತೋಮಾಸಾ ಹಿಂತಿರುಗಿದ್ದು ಪೆಟ್ಟಿಗೆಯಲ್ಲಿ.

ನೆಲಕ್ಕೆ ಪೈನ್ ಎಲೆ ಹಾಸಿ, ಮೋಂಬತ್ತಿ ಹಚ್ಚಿ ಪೆಟ್ಟಿಗೆ ಇಟ್ಟಿದ್ದರು. ಬಂದವರಿಗೆಲ್ಲ ಕಾಫಿ, ರೊಟ್ಟಿ. ಅಂಗಡಿಯ ದೋನ್ ಚೆಪೆ ಮರ್ಯಾದೆಗೆಂದು ಮಕ್ಕಳಿಗೆ ಕೋಲಾ, ಬಿಸ್ಕತ್ತು ಕಳಿಸಿದ್ದ. ಮಕ್ಕಳು ಕುಡಿದರು, ತಿಂದರು. ಆಮೇಲೆ ಪೆಟ್ಟಿಗೆಯ ಪಕ್ಕದಲ್ಲೇ ಸಾಲಾಗಿ ಕೂತು ಕವರುಗಳನ್ನು ಬಾಟಲಿಗೆ ಗಿಡಿಯತೊಡಗಿದರು, ಸದ್ದಾಗದಂತೆ, ತುಂಬ ವಿಧೇಯವಾಗಿ. ಒಬ್ಬಳು ತನ್ನದನ್ನು ಸೆನ್ಯೊ ಕೈಗಿಟ್ಟಳು. ಸೆನ್ಯೊ ಹೆಬ್ಬೆರಳಿಂದ ಅದನ್ನು ಒತ್ತಿ ನೋಡಿದರು, ಕ್ಲಾಸಿನಲ್ಲಿ ನೋಡುವ ಹಾಗೆ. ಗಟ್ಟಿಯಾಗಿತ್ತು. ಎದ್ದು ಹಿತ್ತಿಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಗೋಡೆ ಕಿಟಕಿಯ ಮಟ್ಟದಲ್ಲೇ ನಿಂತಿದೆ. ಮೇಲಿನದಕ್ಕೆ ಹಳೇ ತಗಡು. ಅಂಗಡಿಯ ಬಾಟಲಿ ತಂದವರನ್ನು ಸೆನ್ಯೊ ವಾಪಸು ಕಳಿಸುತ್ತಾರೆ. ತಿಂಡಿ ಜೋಳದ ಗರಿಯಲ್ಲೇ ಸುತ್ತಿ ತರಬೇಕು. ಮಕ್ಕಳು ಮುಖ ಊದಿಸಿಕೊಳ್ಳುತ್ತಾರೆ, ಮಳೆ ಬಂದರೆ ತಗಡಿನ ಸದ್ದಿಗೆ ಪಾಠ ಕೇಳಿಸುವುದಿಲ್ಲ.

ಕೇಳಬಾರದ್ದನ್ನೇ ಕೇಳುವ ವರ ನನಗಿದೆ. ಮೊನ್ನೆ ಶಾಲೆಯೆದುರಿನ ಅಂಗಡಿಗೆ ಕ್ರೇಟು ಇಳಿಸುತ್ತ, ಅಕ್ಕ ಹೋಗಿದ್ದು ನಿಮ್ಮ ಪಾಠದಿಂದಲೇನಾ ಸೆನ್ಯೊ, ಎಂದುಬಿಟ್ಟೆ.

“ಪಾಠದಿಂದಲ್ಲ, ಅರ್ಧ ಪಾಠದಿಂದ. ತುಂಬಿ ಅಂದೆ. ಕೊಳ್ಳಬೇಡಿ ಅನ್ನೋದನ್ನ ಗೋಡೆ ಎದ್ದಮೇಲೆ ಹೇಳೋಣ ಅಂತ ಇಟ್ಕೊಂಡೆ. ವ್ಯಾನ್ ತೆಗಿ ಈಗ, ಮಕ್ಕಳು ಬರೋ ಹೊತ್ತು.”