ತೂಕ ಹೆಚ್ಚಿದ ಬಿಲ್ಲೆ

ಅಡುಗೆಮನೆಗೆ ಕಡಪ ಕಲ್ಲೇ ಸಾಕೆಂದು ಎಷ್ಟು ಹೇಳಿದರೂ ಹೆಂಡತಿ ಗ್ರಾನೈಟೇ ಆಗಬೇಕೆಂದಳು. ಹಾಗಾಗಿ ಹೋದ ವಾರ ಇಬ್ಬರೂ ಕಾರ್ಕಳದ ಒಂದು ಕಲ್ಲು ಕೊಯ್ಯುವ ಅಂಗಡಿಗೆ ಹೋದೆವು. ಗರಗಸ ನಿಂತಿತ್ತು, ಆದರೂ ಬಿಸಿ ಲೋಹದ, ಕಲ್ಲಿನ ಹುಡಿಯ ವಾಸನೆ ಮೂಗಿಗೆ ಹೊಡೆಯಿತು. ಹಿಂದೆಲ್ಲೋ ಮೂಸಿದ ವಾಸನೆ, ಎಲ್ಲಿಯದೆಂದು ಮಾತ್ರ ಹೊಳೆಯಲಿಲ್ಲ. ತಬ್ಬಿಬ್ಬಾಗಿ ನಿಂತಿದ್ದಾಗ ಮೈಯೆಲ್ಲ ಬಿಳಿ ಹುಡಿ ಮೆತ್ತಿಕೊಂಡ ಒಬ್ಬ ಹತ್ತಿರ ಬಂದು, "ಮಣಿಪಾಲದಾಗ ಓದ್ತಿದ್ರಲ್ಲ, ಕಾಪು ಸರ್ ಅಲ್ಲೇನ್ರಿ?" ಎಂದ. ದನಿಯಿಂದ ಗುರುತು ಸಿಕ್ಕಿತು. ಈರಪ್ಪ.

ಈರಪ್ಪ ಯಾರೆಂದು ಹೇಳುವ ಮೊದಲು ನನ್ನ ಪ್ರತಾಪ ಸ್ವಲ್ಪ ಕೇಳಿ. ಎರಡು ಸಾವಿರದ ಆಸುಪಾಸಿನಲ್ಲಿ ನಾನು ದಿನಾ ಕಾಪುವಿನಲ್ಲಿ ಬಸ್ಸು ಹತ್ತಿ, ಉಡುಪಿಯಲ್ಲಿ ಇಳಿದು ಇನ್ನೊಂದು ಹಿಡಿದು, ಮಣಿಪಾಲಕ್ಕೆ ಎಂಟೆಕ್ ಓದಲು ಹೋಗುತ್ತಿದ್ದೆ. ನನ್ನ ಸಂಶೋಧನೆ ಇಷ್ಟೆ: ಮಿಶ್ರಲೋಹದ ಒಂದು ಸಣ್ಣ ಬಿಲ್ಲೆಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸುವುದು, ಬಿಸಿಗಾಳಿಯ ಜೊತೆ ಅದರ ಮೇಲೆ ಗಟ್ಟಿ ಹುಡಿ ಹೊಡೆಸುವುದು, ಎಷ್ಟು ಸವೆಯಿತೆಂದು ತೂಗುವುದು. ವಿದ್ಯುತ್ ಸ್ಥಾವರದ ಕೊಳವೆಗಳು ಬೂದಿಯ ಹೊಡೆತಕ್ಕೆ ಹೀಗೆಯೇ ಸವೆಯುತ್ತವೆ. ಮನೆಯಲ್ಲಿ ವಿವರಿಸಿದಾಗ ಅಮ್ಮ, "ಹೊಯಿಗೆ ಹಾಕಿ ತಿಕ್ಕಿದರೆ ಪಾತ್ರೆ ಸವೆಯುತ್ತದೆ ಅಂತ ತಿಳಿಯಲಿಕ್ಕೆ ಎರಡು ವರ್ಷ ಕಾಲೇಜು ಬೇಕಾ?" ಎಂದು ಕೇಳಿದ್ದರು.

ಈರಪ್ಪ ಬಾಗಲಕೋಟೆ ಕಡೆಯವನು, ನಮ್ಮ ಲ್ಯಾಬಿನಲ್ಲಿ ದಿನಗೂಲಿಯ ಅಟೆಂಡರ್. ತಣಿದ ಬಿಲ್ಲೆಯನ್ನು ಸ್ಪಿರಿಟ್ ಹಾಕಿ ಒರೆಸಿ ನನ್ನ ಕೈಗೆ ಕೊಡುವುದು ಅವನ ಕೆಲಸ. ನಾನು ತೂಗುವವನು, ಅಂದರೆ ದೊಡ್ಡ ಜನ.

ಒಂದು ದಿನ ತೂಗಿದರೆ ಬಿಲ್ಲೆಯ ತೂಕ ಹೆಚ್ಚಾಗಿದೆ. ಅಷ್ಟು ಹೊಡೆತ ತಿಂದದ್ದು ಕಮ್ಮಿಯಾಗಬೇಕು, ಅಲ್ವಾ? ಮತ್ತೆ ತೂಗಿದೆ, ಅಷ್ಟೇ. ಬೇರೆ ಬಿಲ್ಲೆ ಕಾಯಿಸಿದೆ, ಅದೂ ಹೆಚ್ಚು. ನಾಲ್ಕು ದಿನ ಊಟ ಸೇರಲಿಲ್ಲ. ಕೊನೆಗೆ ಗೈಡ್ ಸರ್‌ಗೆ ತೋರಿಸಿದೆ. ಅವರು ಕಾಗದ ನೋಡಿ, "ಎಂತ ಮಾರಾಯ, ಕಬ್ಬಿಣ ಗಾಳಿ ತಿಂದು ದಪ್ಪ ಆಗ್ತದಾ? ಇದನ್ನು ಒರೆಸುವುದು ಯಾರು?" ಎಂದರು.

"ಈರಪ್ಪ, ಸರ್" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಸರಿಯಾಗಿ ಒರೆಸುವುದಿಲ್ಲ ಅಂತ ಕಾಣ್ತದೆ" ಎಂದೂ ಸೇರಿಸಿದೆ. ಅವನು ಒರೆಸುವುದನ್ನು ನಾನು ಒಂದು ದಿನವೂ ನೆಟ್ಟಗೆ ನೋಡಿದವನಲ್ಲ. ಯಾಕೆ ಹಾಗೆ ಹೇಳಿದೆನೋ. ಮುಂದಿನ ಸೋಮವಾರ ಅವನ ಜಾಗದಲ್ಲಿ ಬೇರೆಯವನಿದ್ದ.

ಹೊಸಬ ಒರೆಸಿದರೂ ತೂಕ ಹೆಚ್ಚೇ. ಮೂರು ತಿಂಗಳ ಮೇಲೆ ಬಿಲ್ಲೆಯನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗುಟ್ಟು ರಟ್ಟಾಯಿತು. ಆ ಕಾವಿಗೆ ಲೋಹ ಗಾಳಿಯ ಆಮ್ಲಜನಕ ಹಿಡಿದು ತುಕ್ಕಿನಂಥ ಪದರ ಕಟ್ಟಿಕೊಂಡಿತ್ತು, ಹೊಡೆಸಿದ ಹುಡಿಯೂ ಅದರೊಳಗೆ ನೆಟ್ಟುಕೊಂಡಿತ್ತು. ಯಾರು ಎಷ್ಟು ಒರೆಸಿದರೂ ಹೋಗುವಂಥದ್ದಲ್ಲ. ಸರ್‌ಗೆ ಖುಷಿಯೋ ಖುಷಿ. "ಒಳ್ಳೆ ರಿಸಲ್ಟ್, ಥೀಸಿಸ್‌ಗೆ ಹಾಕು" ಎಂದರು. ಹಾಕಿದೆ. ಈರಪ್ಪನ ಹೆಸರು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅವನು ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆಂದು ಯಾರೋ ಹೇಳಿದ್ದರು. ಎಷ್ಟು ದೂರ ಮಹಾ! ಹೋಗಲಿಲ್ಲ. ನಾಚಿಕೆಯೋ ಸೋಮಾರಿತನವೋ, ಇವತ್ತಿಗೂ ಬಗೆಹರಿದಿಲ್ಲ.

ಈಗ ಎಂಟು ವರ್ಷದ ಮೇಲೆ ಅವನು ಕೈ ಕೊಡವಿಕೊಂಡು ನನಗೆ ಕುರ್ಚಿ ಹಾಕಿದ. ಹೆಂಡತಿ ಕಲ್ಲುಗಳ ಬಣ್ಣ ನೋಡುತ್ತಿದ್ದಳು.

"ಸರ್, ಒಂದು ಮಾತು ಕೇಳ್ಲೇನ್ರಿ? ಆ ಬಿಲ್ಲಿ ತೂಕ ಕಡೀಕ ಸರಿ ಬಂತೇನ್ರಿ? ನಾ ಒರಸಿದ್ದು ತಪ್ಪಾಗಿ ನಿಮ್ಮ ಓದು ಕೆಟ್ಟಿತೇನೋ ಅಂತ ಭಾಳ ಸಲ ಅನ್ನಿಸೇತ್ರಿ."

"ನಿನ್ನ ತಪ್ಪೇ ಇರಲಿಲ್ಲ ಈರಪ್ಪ. ನೀನು ಸರಿಯಾಗಿಯೇ ಒರೆಸಿದ್ದೆ" ಎಂದೆ.

ಅವನ ಮುಖ ಅರಳಿತು. ಬಾಯ್ತುಂಬ ನಕ್ಕ. ಮತ್ತೆ ಕೇಳಿದ, "ಅದು ನಿಮಗ ಯಾವಾಗ ಗೊತ್ತಾತ್ರಿ, ಸರ್?"

ಮೊನ್ನೆ ಮೊನ್ನೆ ಎಂದುಬಿಡಬಹುದಿತ್ತು. "ನೀನು ಹೋದ ಮೂರು ತಿಂಗಳಿಗೆ" ಎಂದೆ.

ಈರಪ್ಪ ನನ್ನ ಮುಖವನ್ನೇ ನೋಡಿದ. "ಹೌದ್ರಿ?" ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಅಕ್ಕಾರ, ಯಾವ ಕಲ್ಲು ಕೊಯ್ಲಿ ಹೇಳ್ರಿ" ಎಂದು ಕೇಳಿದ. ನಾವು ಹೊರಡುವವರೆಗೂ ಅಳತೆ, ಬೆಲೆ ಎಲ್ಲವನ್ನೂ ಅವಳಿಗೇ ಹೇಳಿದ.