ಕುಡಿಯದ ಮೋನುಚ್ಚನಿಗೆ ಕುಡುಕನ ಹೆಸರು

ಓದುಗರಿಗೆಲ್ಲ ನಮಸ್ಕಾರ. ಮೂವತ್ತು ದಾಟಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸಾದ ರಿಕ್ಷಾ ಚಾಲಕ ನಾನು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೂಡುಬಿದಿರೆಯ ಮದುವೆ ದಲ್ಲಾಳಿ ಮೋನುಚ್ಚ ನನ್ನ ರಿಕ್ಷಾ ಹತ್ತುವಾಗ ಮೊದಲು ಹೊಟ್ಟೆ ಬರುತ್ತಿತ್ತು, ಆಮೇಲೆ ನಗು, ಕೊನೆಗೆ ಕೊಡೆ. ತೊಂಬತ್ತರ ದಶಕದಲ್ಲಿ ಪುತ್ತಿಗೆಯಿಂದ ಬಂಟ್ವಾಳದವರೆಗೆ ದಿನಕ್ಕೆ ಐದಾರು ಮನೆ ಸುತ್ತುತ್ತಿದ್ದೆವು. ಪ್ರತಿ ಮನೆಯಲ್ಲೂ ಶರಬತ್ತು, ಹಲ್ವ, ತುಪ್ಪದ ಅನ್ನ. ದಲ್ಲಾಳಿ ಸಾಕು ಎಂದರೆ ಹುಡುಗಿ ಹಿಡಿಸಲಿಲ್ಲ ಎಂದೇ ಅರ್ಥ.

"ಸ್ವಲ್ಪ ಕಡಿಮೆ ತಿನ್ನಿ ಮೋನುಚ್ಚ."

"ನಾನು ತಿನ್ನದಿದ್ರೆ ಆ ಹುಡುಗಿಗೆ ಮದುವೆ ಉಂಟಾ ಮಾರಾಯ?"

ಒಮ್ಮೆ ಸ್ಕ್ಯಾನಿಂಗಿನಲ್ಲಿ ಲಿವರಿಗೆ ಕೊಬ್ಬು ಕೂತಿದೆ ಎಂದು ಬಂತು. ಸಕ್ಕರೆ ಕಾಯಿಲೆಯೂ ಇತ್ತು. ನೋವಿಲ್ಲ, ಜ್ವರವಿಲ್ಲ. "ಕೊಬ್ಬು ನಿನಗೂ ಉಂಟು, ಬಾಯಲ್ಲಿ" ಎಂದು ನನ್ನನ್ನೇ ತಮಾಷೆ ಮಾಡಿದರು. ನಾನೂ ನಕ್ಕೆ. ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಏಳೆಂಟು ವರ್ಷ ಕಳೆದು ಕಾಲು ಊದಿತು, ಹೊಟ್ಟೆಯಲ್ಲಿ ನೀರು ತುಂಬಿತು, ರಕ್ತ ವಾಂತಿಯಾಯಿತು. ಆಸ್ಪತ್ರೆಯ ವಾರ್ಡಿನಲ್ಲಿ ಡಾಕ್ಟರ ಮೊದಲ ಪ್ರಶ್ನೆ: "ಎಷ್ಟು ವರ್ಷದಿಂದ ಕುಡಿತೀರಿ?" ಒಂದು ಹನಿಯೂ ಮುಟ್ಟದ ಮನುಷ್ಯ ತಲೆ ತಗ್ಗಿಸಿದರು.

ಪರೀಕ್ಷೆಯೆಲ್ಲ ಮುಗಿದ ಮೇಲೆ ಅದೇ ಡಾಕ್ಟರು ಬಿಡಿಸಿ ಹೇಳಿದರು. ಕೊಬ್ಬು ಕೂತ ಲಿವರ್ ಕೆಲವರಲ್ಲಿ ಮೆಲ್ಲ ಉರಿಯೂತಕ್ಕೆ ತಿರುಗುತ್ತದೆ. ಒಳಗೆ ಗಾಯವಾಗಿ ಮಾಯುತ್ತದೆ, ಮಾಯಿದಲ್ಲಿ ಕಲೆ ಉಳಿಯುತ್ತದೆ. ವರ್ಷ ಹೋದ ಹಾಗೆ ಕಲೆಯೇ ಹೆಚ್ಚಾಗಿ ಲಿವರ್ ಗಟ್ಟಿಯಾಗಿಬಿಡುತ್ತದೆ. ಕುಡಿಯದವರಿಗೂ ಬರುತ್ತದೆ. ಆಗಲೇ ತೂಕ, ಸಕ್ಕರೆ ಇಳಿಸಿದ್ದರೆ ತಡೆಯಬಹುದಿತ್ತು.

ಆದರೆ ಪಕ್ಕದ ಹಾಸಿಗೆಯವರು ಊರಿಗೆ ಒಯ್ದದ್ದು ಮೊದಲ ಪ್ರಶ್ನೆಯನ್ನು ಮಾತ್ರ. ಅಳದಂಗಡಿಯ ಗಂಡಿನ ಮನೆಯವರು ಮೋನುಚ್ಚನ ಮಗಳ ಮದುವೆ ನಿಶ್ಚಯ ಮುರಿದರು. ಕುಡುಕನ ಮಗಳಂತೆ!

"ನೀನು ಓದಿದವ. ಹೋಗಿ ಓದಿ ಹೇಳು" ಎಂದು ಮೋನುಚ್ಚ ಕುಡಿತದ ಕಾಯಿಲೆ ಅಲ್ಲವೆಂಬ ಡಾಕ್ಟರ ಪತ್ರ ಕೈಗಿಟ್ಟರು. ಹೋದೆ. ಅವರ ಜಗಲಿಯಲ್ಲಿ ನಿಂತು ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ಹುಡುಗನ ತಂದೆ, "ನಮಗೆ ನಂಬಿಕೆ ಉಂಟು. ಜನರ ಬಾಯಿ ಮುಚ್ಚುವುದು ಯಾರು?" ಎಂದ. ಅವನ ಇಬ್ಬರು ಸೊಸೆಯಂದಿರನ್ನು ಹುಡುಕಿ ಕೊಟ್ಟದ್ದು ಮೋನುಚ್ಚನೇ. ಆಗ ಅವರಿಗೆ ಒತ್ತಾಯಿಸಿ ಹಲ್ವ ಬಡಿಸಿದ್ದು ಇವನದೇ ಕೈ.

ವಾಪಸು ಬಂದು ಹಾರಾಡಿದೆ. "ಅವರ ಮರ್ಯಾದೆ ತೆಗಿತೇನೆ. ಪೇಟೆಯಲ್ಲಿ ನಿಂತು ಹೇಳ್ತೇನೆ!"

ಮೋನುಚ್ಚ ನನ್ನ ಕೈ ಹಿಡಿದರು. "ಬೇಡ ಮಾರಾಯ. ಆ ಮನೆಯಲ್ಲೂ ಮದುವೆಯಾಗದ ಒಂದು ಹುಡುಗಿ ಉಂಟು. ಅವಳಿಗೆ ಸಂಬಂಧ ಸಿಗುವುದು ಬೇಡ್ವಾ?"

ಹತ್ತು ದಿನದಲ್ಲಿ ಹೋಗಿಬಿಟ್ಟರು. ಆ ಮನೆಯ ಹುಡುಗಿಯ ಮದುವೆ ಆಗುವವರೆಗೆ ನಾನು ಬಾಯಿ ಬಿಡಲಿಲ್ಲ. ಈಗ ಅದು ಆಯಿತು. ಆದ್ದರಿಂದ ಬರೆಯುತ್ತಿದ್ದೇನೆ. ಕುಡಿಯದೆ ಲಿವರ್ ಹೋದವರು ನಿಮ್ಮ ಮನೆಯಲ್ಲೂ ಇದ್ದರೆ ಬರೆಯಿರಿ. ಅವರ ಬಗ್ಗೆ ಊರು ಏನು ಆಡಿತು, ಅದನ್ನೂ ಬಿಡದೆ ಬರೆಯಿರಿ.