ನೆಟ್ಟಗಾದ ತ್ರಿಶೂಲ

ನಮ್ಮ ಓಣಿಯಲ್ಲಿ ಮದುವೆ ಬಂದರೆ ಮನೆಮನೆಯ ಹಂಡೆ, ಪರಾತ, ಕೊಡಗಳೆಲ್ಲ ನನ್ನ ಅಂಗಳಕ್ಕೆ ಬರುತ್ತಿದ್ದವು. ಮದುವೆ ಮುಗಿದ ಮೇಲೆ ತೊಳೆಸಿ, ಯಾರದ್ದು ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಗೊತ್ತಾಗಲೆಂದು ಪಾತ್ರೆಯ ಮೇಲೆ ಬಣ್ಣದಲ್ಲಿ ಬರೆದ ಗುರುತು ಇರುತ್ತಿತ್ತು: ಒಬ್ಬರದು ಮೂರು ಗೆರೆ, ಇನ್ನೊಬ್ಬರದು ಕುಡುಗೋಲು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಒಂದು ಚಮಚವೂ ತಪ್ಪು ಮನೆಗೆ ಹೋಗಿರಲಿಲ್ಲ.

ಜಹೀರಾಬಾದಿನ ಕಾಲೇಜಿಗೆ ಹೋಗುವ ನನ್ನ ಮೊಮ್ಮಗಳಿಗೆ ಆ ಬಣ್ಣ ಗಲೀಜಾಗಿ ಕಂಡಿತು. ಮನೆಯ ಕಂಪ್ಯೂಟರಿನ ಮುಂದೆ ಕೂತು, ಸಣ್ಣ ಸಣ್ಣ ಚೌಕಗಳನ್ನು ಒಂದೊಂದಾಗಿ ಕಪ್ಪು ಮಾಡುತ್ತ, ಪ್ರತಿ ಗುರುತನ್ನೂ ಕೀಲಿ ಒತ್ತಿದರೆ ಮೂಡುವ ಒಂದು ಅಕ್ಷರದ ಹಾಗೆ ಮಾಡಿದಳು.

“ಆಯಿ, ಇದೊಂದು ಒತ್ತಿದ್ರ ಸಾಕು, ಕುಡಗೋಲ ಬರ್ತದ ನೋಡು.”

“ಬಂದು ಹುಲ್ಲ ಕೊಯ್ತದೇನು?”

ನಾಲ್ಕು ದಿನ ಹಾಗೇ ಕೂತಳು. ಅಷ್ಟರಲ್ಲಿ ಎರಡು ಕುಪ್ಪಸ ಹೊಲಿಯಬಹುದಿತ್ತು. ಮುಂದಿನ ಮದುವೆಗೆ ಪಾತ್ರೆಗಳು ಬಂದಾಗ ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದು, ಅಚ್ಚು ಹಾಕಿದ ಚೀಟಿ ಅಂಟಿಸಿದಳು. ನಾನು ಬೇಡ ಅನ್ನಲಿಲ್ಲ. ಆ ಬುದ್ಧಿಗೇಡಿತನದಲ್ಲಿ ನನ್ನ ಪಾಲೂ ಇದೆ.

ಓಣಿಯ ತುದಿಯಲ್ಲಿ ಬೇರೆಯಾದ ಅಣ್ಣ ತಮ್ಮಂದಿರ ಮನೆಗಳಿವೆ. ಅಣ್ಣನ ಗುರುತು ನೆಟ್ಟಗಿನ ತ್ರಿಶೂಲ, ತಮ್ಮನದು ಎಡಕ್ಕೆ ವಾಲಿದ ತ್ರಿಶೂಲ. ಇಬ್ಬರಿಗೂ ಒಂದೊಂದು ತಾಮ್ರದ ಹಂಡೆ. ಒಂದು ಗಟ್ಟಿ, ಇನ್ನೊಂದರ ತಳ ಸೋರುತ್ತದೆ. ಹೆಂಡಂದಿರು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮದುವೆಯ ಮರುದಿನ ಆ ಹೆಂಡಂದಿರಿಬ್ಬರೂ ಹಂಡೆ ಒಯ್ಯಲು ಬಂದರು. ನೋಡಿದರೆ ಎರಡು ಹಂಡೆಯ ಮೇಲೂ ತ್ರಿಶೂಲ ನೆಟ್ಟಗೆ ನಿಂತಿದೆ.

“ಬರದವ್ರ ಕೈ ತಪ್ಪಿ ವಾಲ್ಯಾದ ಅಂದ್ಕೊಂಡು ನೆಟ್ಟಗ ಮಾಡ್ದೆ ಆಯಿ,” ಎಂದಳು ಮೊಮ್ಮಗಳು.

ಅಣ್ಣನ ಹೆಂಡತಿ ನನ್ನ ಕಡೆ ತಿರುಗಿದಳು. “ದೊಡ್ಡವ್ವಾ, ಗಟ್ಟಿದು ನಂದು ಅಂತ ಆಕಿಗಿ ಹೇಳ್ರಿ.”

ತಮ್ಮನ ಹೆಂಡತಿಯೂ ನನಗೇ ಹೇಳಿದಳು. “ಸೋರೂದೇ ಆಕೀದು ಅನ್ರಿ. ಆಕಿ ಬಾಯಿನೂ ಹಂಗೇ ಅದ.”

ಹೇಳಲು ನನಗೆ ಗೊತ್ತಿದ್ದರೆ ತಾನೆ? ಇಷ್ಟು ವರ್ಷ ನಾನು ನೋಡಿದ್ದು ಗುರುತು, ಹಂಡೆಯ ತಳವಲ್ಲ.

“ನನಗ ಗೊತ್ತಿಲ್ಲ,” ಎಂದೆ.

ಆಗ ನೋಡಬೇಕು, ಎಷ್ಟೋ ವರ್ಷದ ಮೇಲೆ ಇಬ್ಬರ ಬಾಯಿ ಒಂದಾಯಿತು, ನನ್ನನ್ನು ಬೈಯಲು. ಸಂಜೆಯೊಳಗೆ ಉಳಿದವರೂ ಬಂದು, ತಮ್ಮ ತಮ್ಮ ಪಾತ್ರೆಗಳನ್ನು ನನ್ನ ಎದುರಿಗೇ ತಿರುಗಿಸಿ ಮುರುಗಿಸಿ ನೋಡಿ ಒಯ್ದರು, ನಾನೇ ಕದ್ದವಳ ಹಾಗೆ. ಮುಂದಿನ ಮದುವೆಗೆ ಪಾತ್ರೆ ಬಾಡಿಗೆಗೆ ಬಂದವು. ನನ್ನನ್ನು ಯಾರೂ ಕೇಳಲಿಲ್ಲ.

ಸೋರುವ ಹಂಡೆ ಒಯ್ಯಲು ಇಬ್ಬರೂ ಒಪ್ಪಲಿಲ್ಲ, ಗಟ್ಟಿಯದನ್ನು ಒಯ್ಯಲು ಒಬ್ಬರು ಇನ್ನೊಬ್ಬರನ್ನು ಬಿಡಲಿಲ್ಲ. ಎರಡೂ ನನ್ನ ಅಂಗಳದಲ್ಲೇ ಬಿದ್ದಿವೆ.

ಮೊನ್ನೆ ಮೊಮ್ಮಗಳು ಓಡಿ ಬಂದಳು. “ಆಯಿ, ವಾಲಿದ್ದು ಬ್ಯಾರೆ ಮಾಡೀನಿ. ಭಾಳ ಚೆಂದ ಬಂದದ.”

“ಯಾವ ಹಂಡೇಕ ಹಚ್ತಿ?” ಎಂದೆ.

ಚೀಟಿ ಹಿಡಿದುಕೊಂಡು ಆ ಹಂಡೆಯ ಹತ್ತಿರ ಹೋದಳು, ಈ ಹಂಡೆಯ ಹತ್ತಿರ ಬಂದಳು.